ಗುಲಂದಾಂ ಬೀಬಿಯ ಗಂಡನ ಮನೆ

ಹೂಜಾನ್ ಸೀಮೆಯ ಆಡಳಿತ ನಡೆಸುವ ಹಾಕಿಮ ಇಸ್ಕಂದರ್ ಖಾನ್ ಆ ಬೆಳಿಗ್ಗೆ ಊರ ನೀರುಕೊಳದ ಮೆಟ್ಟಿಲುಗಳನ್ನು ತಾನೇ ಇಳಿದು ಎಣಿಸಿದ. ಗುಮ್ಮಟದ ಕೆಳಗೆ ನೆಲದಾಳದಲ್ಲಿ ಕಟ್ಟಿದ ಕೊಳ ಅದು. ಒಟ್ಟು ಮೂವತ್ತೆಂಟು ಮೆಟ್ಟಿಲು. ಇಪ್ಪತ್ತೆರಡು ಒಣಗಿ ನಿಂತಿದ್ದವು. ಉಳಿದ ಹದಿನಾರು ಇನ್ನೂ ನೀರಿನೊಳಗಿದ್ದವು. ದಿನಕ್ಕೊಂದು ಮೆಟ್ಟಿಲಿನಂತೆ ನೀರು ಇಳಿಯುತ್ತಿತ್ತು.

"ಹದಿನಾರು ದಿನ ಇದೆ," ಎಂದ ಖಾನ್.

"ಹನ್ನೆರಡು ಅನ್ನಿ, ಜನಾಬ್," ಎಂದ ನೀರುಗಂಟಿ ಶಕೂರ್. ಊರ ಹೊಲಗಳಿಗೆ ನೀರು ಹಂಚುವವನು ಅವನೇ. "ನಾಲ್ಕು ಮೆಟ್ಟಿಲು ಉಳಿದಾಗ ಜನ ಒಂಟೆ ಕಟ್ತಾರೆ. ತಬಸ್‌ಗೆ ನಾಲ್ಕು ದಿನದ ದಾರಿ, ಕುಡಿಯೋ ನೀರು ಹೊತ್ಕೊಂಡೇ ಹೋಗ್ಬೇಕಲ್ಲ. ಹೋದೋರು ವಾಪಸ್ ಬರ್ತಾರೆ ಅಂತ ಮಾತ್ರ ನಂಬ್ಕೋಬೇಡಿ."

ಹೂಜಾನಿಗೆ ಹೊಳೆಯಿಲ್ಲ, ಕೆರೆಯಿಲ್ಲ. ಇರುವುದೊಂದೇ ಕನಾತು. ಐದು ಹರದಾರಿ ಆಚೆಯ ಬೆಟ್ಟದ ಬುಡದಿಂದ ಊರಿನವರೆಗೆ, ನೆಲದಡಿಯಲ್ಲಿ, ಮನುಷ್ಯ ಬಗ್ಗಿ ನಡೆಯುವಷ್ಟು ಎತ್ತರಕ್ಕೆ ತೋಡಿದ ಸುರಂಗಗಾಲುವೆ. ಯಾವ ಕಾಲದಲ್ಲಿ ಯಾರು ತೋಡಿದರೋ ಹೇಳುವವರಿಲ್ಲ. ಗಾಳಿ ಬೆಳಕಿಗೆಂದು, ಮಣ್ಣು ಎತ್ತಲೆಂದು ದಾರಿಯುದ್ದಕ್ಕೂ ನಾನೂರ ಎಪ್ಪತ್ತು ಬಾವಿಗಳು. ಕೊನೆಯದು, ನೀರು ಮೊದಲು ಸಿಕ್ಕಿದ್ದು, ತಾಯಿಬಾವಿ. ಒಂದು ತಿಂಗಳ ಹಿಂದೆ ಬೆಟ್ಟದ ಕಡೆ ಜೋರು ಮಳೆಯಾಗಿ ಒಣಹಳ್ಳದಲ್ಲಿ ಪ್ರವಾಹ ಬಂದಿತ್ತು. ಮಾರನೆಯ ದಿನದಿಂದ ಕನಾತಿನಲ್ಲಿ ಬರುತ್ತಿದ್ದುದು ತೋಳು ಗಾತ್ರದ ನೀರು. ಗೋಧಿ ತೆನೆಗೆ ಬಂದಿತ್ತು. ಇನ್ನೆರಡು ಸಲ ನೀರು ಕಾಣದಿದ್ದರೆ ಅದು ಹುಲ್ಲೇ.

"ಪ್ರವಾಹದಿಂದ ಹಳ್ಳದ ಕೆಳಗೆ ಸುರಂಗ ಕುಸಿದಿದೆ," ಎಂದ ಖಾನ್. "ನಾನೇ ಹೋಗಿ ತೆಗೆಸ್ತೀನಿ. ಹನ್ನೆರಡು ದಿನದೊಳಗೆ ನೀರು ತರ್ತೀನಿ ಅಂತ ಊರಿಗೆ ಹೇಳು."

ಶಕೂರ್ ತಲೆ ಬಗ್ಗಿಸಿದ. ಏನೋ ಹೇಳಲು ಬಾಯಿ ತೆರೆದವನು ನಾಲಿಗೆ ಕಚ್ಚಿಕೊಂಡ. ಅವನು ಹೇಳದಿದ್ದರೂ ಖಾನ್‌ಗೆ ಗೊತ್ತಿತ್ತು. ಕನಾತು ಮುನಿಸಿಕೊಂಡಿದೆ ಎಂದು ಊರಿಗೆ ಊರೇ ಆಡಿಕೊಳ್ಳುತ್ತಿತ್ತು. ಮುನಿಸಿಗೆ ಕಾರಣ ಯಾರೆಂದೂ ಆಡಿಕೊಳ್ಳುತ್ತಿತ್ತು.

ಇಸ್ಕಂದರ್ ಖಾನ್ ಹುಟ್ಟಿದ್ದು ತಬ್ರೀಜ್‌ನಲ್ಲಿ, ಓದಿದ್ದು ಟೆಹರಾನಿನ ಸೈನಿಕ ಶಾಲೆಯಲ್ಲಿ. ಇಪ್ಪತ್ತೆರಡು ವರ್ಷ ಸೈನ್ಯದ ಇಂಜಿನಿಯರ್ ಆಗಿ ಎರಡು ಸೇತುವೆ, ಒಂದು ಕೋಟೆ ಕಟ್ಟಿದ್ದ. ಇನ್ನೊಬ್ಬರು ಕಟ್ಟಿದ ಕೋಟೆಯೊಂದನ್ನು ಅದರ ಕಂದಕದಡಿ ಸುರಂಗ ತೋಡಿ ಬೀಳಿಸಿದ್ದ. ಮರುಭೂಮಿಗೆ ಅಡ್ಡಲಾಗಿ ತಂತಿ ಕಂಬ ನೆಡಿಸಿದ್ದ. ಇಷ್ಟೆಲ್ಲ ಮಾಡಿದವನ ಮಂಡಿ ಸವೆದ ಮೇಲೆ, ಬೇರೆ ಯಾರೂ ಬೇಡವೆಂದಿದ್ದ ಹೂಜಾನಿನ ಆಡಳಿತವನ್ನು ಅವನಿಗೆ ದಯಪಾಲಿಸಿದರು. ಕೋಲಿನಲ್ಲಿ ಅಳೆಯಲಾಗದ್ದನ್ನು ನಂಬುವ ಅಭ್ಯಾಸ ಅವನಿಗಿರಲಿಲ್ಲ. ಬಂದ ಮೊದಲ ಚಳಿಗಾಲದಲ್ಲೇ ಊರ ಒಂದು ಪದ್ಧತಿ ಕಣ್ಣಿಗೆ ಬಿತ್ತು. ಹೂಜಾನಿನ ಕನಾತು ಗಂಡು ಜಾತಿಯದಂತೆ. ಅದಕ್ಕೆ ಒಬ್ಬ ವಿಧವೆಯನ್ನು ಮದುವೆ ಮಾಡಿಕೊಡುತ್ತಾರಂತೆ. ಅವಳು ವಾರಕ್ಕೊಮ್ಮೆ ಆ ನೀರಿನಲ್ಲಿ ಮುಳುಗಬೇಕು, ಊರು ಅವಳಿಗೆ ವರ್ಷದ ಗೋಧಿ ಕೊಡಬೇಕು. ವಸಂತ ಬಂದಾಗ ಊರ ಹೆಂಗಸರೆಲ್ಲ ಅವಳನ್ನು ಕರೆದುಕೊಂಡು ಎರಡು ದಿನ ಬೆಟ್ಟದ ಕಡೆ ದಿಬ್ಬಣ ಹೋಗುತ್ತಾರಂತೆ. ಗಂಡಸರು ಜೊತೆಗೆ ಹೋಗುವಂತಿಲ್ಲ.

ಖಾನ್ ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ ಆಜ್ಞೆ ಹೊರಡಿಸಿದ. ಕಾಲುವೆಗೆ ಮದುವೆಯಿಲ್ಲ, ದಿಬ್ಬಣವಿಲ್ಲ, ಗೋಧಿಯೂ ಇಲ್ಲ.

*

ಹೊರಟವರು ಮೂವರು. ಖಾನ್, ಅವನ ಹಳೆಯ ಸುರಂಗ ಪಡೆಯ ಹವಾಲ್ದಾರ ಸಂಜರ್, ಮತ್ತು ಕನಾತು ತೋಡುವ ಕಸುಬಿನ ಉಸ್ತಾದ್ ಬರಾತ್. ಬರಾತ್ ಯಝ್ದ್ ಕಡೆಯವನು, ಒಣಗಿದ ಖರ್ಜೂರದಂಥ ಸಣಕಲು ಮನುಷ್ಯ. ಹೂಜಾನಿಗೆ ಬಂದು ಮೂವತ್ತು ವರ್ಷವಾಗಿತ್ತು. ಎರಡು ಕತ್ತೆಗಳ ಮೇಲೆ ರಾಟೆ, ಹಗ್ಗ, ತೊಗಲ ಚೀಲ, ಸಲಾಕೆ, ಸುರಂಗ ಕುಸಿಯದಂತೆ ಇಡುವ ಸುಟ್ಟ ಮಣ್ಣಿನ ಬಳೆಗಳು, ಹರಳೆಣ್ಣೆಯ ದೀಪ. ಊಟಕ್ಕೆ ಜವೆಗೋಧಿ ರೊಟ್ಟಿ, ಒಣ ಮೊಸರಿನ ಗಟ್ಟಿಗಳು.

ಊರು ದಾಟಿದ ಮೇಲೆ ದಾರಿ ಕೇಳುವ ಅಗತ್ಯವಿರಲಿಲ್ಲ. ಬಾವಿಗಳೇ ದಾರಿ. ಒಂದೊಂದು ಬಾವಿಯ ಸುತ್ತ ತೋಡಿದ ಮಣ್ಣು ಬಳೆಯಂತೆ ಬಿದ್ದಿತ್ತು. ಆ ಬಳೆಗಳ ಸಾಲು ಬೂದು ಬಯಲಿನ ಮೇಲೆ ನೇರವಾಗಿ ಉತ್ತರಕ್ಕೆ ಹೋಗಿ ಬೆಟ್ಟದ ನೀಲಿಯಲ್ಲಿ ಕರಗುತ್ತಿತ್ತು. ಎಡಕ್ಕೆ ಉಪ್ಪಿನ ಬಯಲು ಬೆಳ್ಳಗೆ ಮಿನುಗುತ್ತಿತ್ತು. ಬಲಕ್ಕೆ ಮರಳಿನ ದಿಣ್ಣೆಗಳು, ಅಲ್ಲೊಂದು ಇಲ್ಲೊಂದು ಕುರುಚಲು ತಾಗ್ ಗಿಡ. ಗಾಳಿ ಬೀಸಿದಾಗ ಬಾವಿಗಳೊಳಗಿಂದ ಸಣ್ಣಗೆ ಹೂಂಕರಿಸಿದ ಸದ್ದು. ಖಾನ್‌ಗೆ ಇಂಥ ಬಯಲು ಇಷ್ಟ. ಎಲ್ಲಿ ನಿಂತರೂ ಎರಡು ಗಾವುದ ಕಾಣುತ್ತದೆ, ಯಾವುದೂ ಅವಿತುಕೊಳ್ಳುವುದಿಲ್ಲ ಎಂದು ಅವನ ಎಣಿಕೆ.

ಒಣಹಳ್ಳದ ಹತ್ತಿರ ಎಂಟು ಬಾವಿಗಳ ಬಾಯಿ ಜಲ್ಲಿಯಿಂದ ಮುಚ್ಚಿಹೋಗಿತ್ತು.

"ನೋಡು," ಎಂದ ಖಾನ್. ಅವನ ಮುಖ ಅರಳಿತು. "ನಾನು ಹೇಳಲಿಲ್ವಾ?"

"ಒಂದು ಮಾತು ಜನಾಬ್," ಎಂದ ಬರಾತ್. "ಆ ಕಡೆ ತೆರೆದಿರೋ ಬಾವೀಲಿ ಇಳಿದು, ಒಳಗಿಂದ್ಲೇ ತೆವಳ್ಕೊಂಡು ಬಂದು ನೋಡ್ತೀನಿ. ಒಂದು ದಿನದ ಕೆಲಸ."

"ಹಸಿ ಜಲ್ಲಿ ಕೆಳಗೆ ತೆವಳ್ತೀಯಾ? ನಿನ್ನನ್ನ ಹೂಳೋ ಕೆಲಸ ನಂಗೆ ಬೇಡ. ಮೇಲಿಂದ ತೆಗೆಯೋಣ."

ತೆಗೆದರು. ನಾಲ್ಕು ದಿನ ತೆಗೆದರು. ಬರಾತ್ ಕೆಳಗೆ ಅಗೆದ, ಸಂಜರ್ ರಾಟೆ ತಿರುಗಿಸಿದ, ಸೀಮೆಯ ಹಾಕಿಮ ತೊಗಲ ಚೀಲದಿಂದ ಜಲ್ಲಿ ಸುರಿದ. ಐದನೆಯ ದಿನದ ಸಂಜೆಗೆ ಬರಾತ್ ಸುರಂಗ ತಲುಪಿ, ಹಿಂದೆ ಮುಂದೆ ಓಡಾಡಿ, ಹಗ್ಗ ಎಳೆದ. ಮೇಲೆ ಬಂದವನು ಮೊದಲು ಗಡ್ಡದ ಮಣ್ಣು ಕೊಡವಿಕೊಂಡ.

"ಸುರಂಗ ಗಟ್ಟಿಮುಟ್ಟಾಗಿದೆ, ಜನಾಬ್. ಎಂಟೂ ಬಾವಿ ಕೆಳಗೆ ಒಂದು ಹೆಂಟೆ ಬಿದ್ದಿಲ್ಲ. ಅದೇ ತೋಳು ಗಾತ್ರದ ನೀರು ಹರೀತಾ ಇದೆ. ತೊಂದರೆ ಇರೋದು ಇಲ್ಲಿ ಅಲ್ಲ. ಇನ್ನೂ ಮೇಲೆಲ್ಲೋ."

ಖಾನ್ ಜಲ್ಲಿಯ ಗುಡ್ಡೆಯ ಮೇಲೆ ಕುಳಿತ. ಐದು ಮೆಟ್ಟಿಲು ನೀರು ತನ್ನ ಹಟಕ್ಕೆ ಹೋಯಿತು. ಮೇಲೆ ಇನ್ನೂ ಇನ್ನೂರ ಎಪ್ಪತ್ತು ಬಾವಿ. ಉಳಿದಿರುವುದು ಏಳು ದಿನ. ಅವನಿಗೆ ನಿಜವಾಗಿಯೂ ಹೆದರಿಕೆಯಾಯಿತು. ಅವನು ಕಟ್ಟಿದ್ದು ಕುಸಿದಿದ್ದರೆ ಮತ್ತೆ ಕಟ್ಟುತ್ತಿದ್ದ. ಆದರೆ ಊರು ಒಮ್ಮೆ ಎದ್ದು ಹೋದರೆ ಯಾರು ಕಟ್ಟುವುದು?

*

ಮಾರನೆಯ ಬೆಳಿಗ್ಗೆ ದಕ್ಷಿಣದಿಂದ ಒಂದು ಕತ್ತೆ ಬಂತು. ಅದರ ಮೇಲೊಬ್ಬ ಹೆಂಗಸು, ಐವತ್ತೈದರ ಆಚೆಯವಳು, ಚಾದರದ ತುದಿ ಹಲ್ಲಲ್ಲಿ ಕಚ್ಚಿಕೊಂಡು, ಮಡಿಲಿನಿಂದ ಒಣ ಹಿಪ್ಪುನೇರಳೆ ತೆಗೆದು ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಬರಾತ್ ಅವಳನ್ನು ಗುರುತಿಸಿ ಎದ್ದು ನಿಂತ. ಗುಲಂದಾಂ ಬೀಬಿ. ಖಾನ್‌ನ ಆಜ್ಞೆಯಿಂದ ಗೋಧಿ ಕಳೆದುಕೊಂಡ ಕನಾತಿನ ಹೆಂಡತಿ.

"ದಣಿವಾಗದಿರಲಿ," ಎಂದು ಕತ್ತೆಯಿಂದ ಇಳಿದಳು. "ಏನು ಸಿಕ್ತು?"

"ಜಲ್ಲಿ," ಎಂದ ಸಂಜರ್.

"ಬೇಕಾದಷ್ಟಾಯ್ತಾ, ಇನ್ನೂ ತೋಡ್ತೀರಾ?"

ಖಾನ್ ಗಂಟಲು ಸರಿಮಾಡಿಕೊಂಡ. "ಬೀಬಿ, ಇದು ಹೆಂಗಸರು ಬರೋ ಜಾಗ ಅಲ್ಲ."

"ನನ್ನ ಗಂಡನ ಬೆನ್ನಮೇಲೆ ನಿಂತ್ಕೊಂಡು ನಂಗೇ ಹೇಳ್ತೀರಲ್ಲ ಖಾನ್, ನಿಮ್ಮ ನೆರಳು ಕಡಿಮೆಯಾಗದಿರಲಿ."

ಸಂಜರ್ ನಗು ನುಂಗಲು ಹೋಗಿ ಕೆಮ್ಮಿದ. ಖಾನ್ ಅವನನ್ನು ದುರುಗುಟ್ಟಿ ನೋಡಿದ. ಬೀಬಿ ಮಾತ್ರ ನಗಲಿಲ್ಲ. ಅವಳು ಮಣ್ಣಿನ ದಿಬ್ಬದ ಮೇಲೆ ಕುಳಿತು, ತನ್ನ ಕೈಗಳನ್ನೇ ನೋಡುತ್ತ, ಮೆಲ್ಲಗೆ ಮಾತಾಡಿದಳು.

"ಹನ್ನೊಂದು ವರ್ಷ ಆ ನೀರಲ್ಲಿ ಮುಳುಗಿದೀನಿ. ಚಳಿಗಾಲ ಬೇಸಿಗೆ ಅಂತಿಲ್ಲ, ಹಲ್ಲು ಕಟಕಟ ಅನ್ನೋಷ್ಟು ತಣ್ಣಗೆ. ಪ್ರವಾಹ ಆದ ಎರಡು ದಿನಕ್ಕೆ, ನೀವು ಬೇಡ ಅಂದಿದ್ರೂ, ಕದ್ದು ಹೋಗಿ ಕಾಲಿಟ್ಟೆ. ಬೆಚ್ಚಗಿತ್ತು. ಆಗ ಕರೆದ ಹಾಲಿನಷ್ಟು ಬೆಚ್ಚಗೆ."

"ನೀರು ಕಡಿಮೆಯಾದ್ರೆ ಬಿಸಿಲಿಗೆ ಬೆಚ್ಚಗಾಗುತ್ತೆ," ಎಂದ ಖಾನ್.

"ನಾನು ಕಾಲಿಟ್ಟಿದ್ದು ಸುರಂಗದೊಳಗೆ, ನೂರು ಹೆಜ್ಜೆ ಆಚೆ. ಅಲ್ಲಿಗೆ ಬಿಸಿಲು ಯಾವ ಬಾಗಿಲಿಂದ ಬರುತ್ತೆ ಹೇಳಿ."

ಖಾನ್‌ನೊಳಗಿನ ಇಂಜಿನಿಯರ್ ಎಚ್ಚರಗೊಂಡ. ಮೊದಲು ತಣ್ಣೀರು, ಈಗ ಬೆಚ್ಚನೆ ನೀರು. ಅಂದರೆ ಇದು ಕಡಿಮೆಯಾದ ಅದೇ ನೀರಲ್ಲ, ಬೇರೆ ನೀರು. ಎರಡು ಕಡೆಯಿಂದ ಬಂದು ಕೂಡುತ್ತಿದ್ದ ನೀರಿನಲ್ಲಿ ತಣ್ಣನೆಯದು, ದೊಡ್ಡದು, ನಿಂತುಹೋಗಿದೆ.

"ಉಸ್ತಾದ್, ಈ ಕನಾತಿಗೆ ಕವಲಿದೆಯಾ?"

"ಇಲ್ಲ ಜನಾಬ್. ಒಂದೇ ಸಾಲು, ಒಂದೇ ತಾಯಿಬಾವಿ." ಬರಾತ್ ತಲೆ ಕೆರೆದುಕೊಂಡ. "ಆದ್ರೆ... ನಾನೂರ ಮೂವತ್ತೊಂದನೇ ಬಾವಿ ಕೆಳಗೆ ಬಲಗಡೆ ಒಂದು ಕಂಡಿ ಇದೆ. ಬೆಕ್ಕು ನುಗ್ಗೋಷ್ಟು. ಅದ್ರಿಂದ ನೀರು ಬರ್ತಿತ್ತು. ಯಾರೋ ಹಳಬರು ಎರಡು ಗಜ ತೋಡಿ ಬಿಟ್ಟಿದ್ದಾರೆ ಅಂದ್ಕೊಂಡಿದ್ದೆ. ಅದು ಯಾವತ್ತೂ ಕೆಟ್ಟಿಲ್ಲ, ನಾನ್ಯಾಕೆ ಕೆದಕಲಿ?"

"ಅದರ ಬಾವಿಗಳು ಎಲ್ಲಿ?"

ಬರಾತ್‌ಗೆ ಗೊತ್ತಿರಲಿಲ್ಲ. ಬೀಬಿಗೆ ಗೊತ್ತಿತ್ತು.

"ಹೇಳಬಾರ್ದು," ಎಂದಳು. "ನಮ್ಮ ದಿಬ್ಬಣ ಎಲ್ಲಿಗೆ ಹೋಗುತ್ತೆ ಅಂತ ಗಂಡಸರಿಗೆ ಹೇಳ್ಬಾರ್ದು ಅಂತ ಕುರಾನ್ ಮುಟ್ಟಿಸ್ತಾರೆ. ನಂಗಿಂತ ಮುಂಚೆ ಇದ್ದೋಳು, ಅವಳಿಗಿಂತ ಮುಂಚೆ ಇದ್ದೋಳು, ಯಾರೂ ಹೇಳಿಲ್ಲ. ಹಂಗಂತ ಗಂಡ ಸಾಯ್ತಾ ಬಿದ್ದಿರೋವಾಗ ಬಾಯಿ ಮುಚ್ಕೊಂಡು ಕೂತ್ರೆ ನಾನ್ಯಾವ ಸೀಮೆ ಹೆಂಡ್ತಿ? ಏಳಿ. ಕತ್ತೆ ಕಟ್ಟಿ."

*

ಕರಿಗುಡ್ಡದ ಆಚೆ, ಯಾರೂ ಕುರಿ ಕೂಡ ಹೊಡೆದುಕೊಂಡು ಹೋಗದ ಒಂದು ಕಣಿವೆ. ಏರುದಾರಿ ಕಡಿದಾಗಿತ್ತು, ಸಡಿಲ ಕಲ್ಲುಗಳು ಕಾಲಡಿ ಜಾರುತ್ತಿದ್ದವು. ಖಾನ್‌ನ ಮಂಡಿ ಒಂದೊಂದು ಹೆಜ್ಜೆಗೂ ಲೆಕ್ಕ ಕೇಳುತ್ತಿತ್ತು. ಗುಡ್ಡದ ನೆತ್ತಿಯಿಂದ ಕೆಳಗೆ ನೋಡಿದರೆ ಕಣಿವೆಯ ತಳದಲ್ಲಿ ಕಾಡು ಪಿಸ್ತಾ ಮರಗಳು ನಾಲ್ಕೈದು, ಕೊಂಬೆಗಳ ತುಂಬ ಬಣ್ಣ ಮಾಸಿದ ಬಟ್ಟೆಯ ಚೂರುಗಳು. ಪ್ರತಿ ವಸಂತದಲ್ಲೂ ಹೆಂಗಸರು ಕಟ್ಟಿಹೋದವು. ಕಣಿವೆಯ ಗಾಳಿ ತಂಪಾಗಿತ್ತು. ಬಯಲಿನ ಧಗೆ ಇಲ್ಲಿಗೆ ಬರುತ್ತಿರಲಿಲ್ಲ.

"ಇದೇ ಗಂಡನ ಮನೆ," ಎಂದಳು ಬೀಬಿ.

ಮರಗಳ ನಡುವೆ ಒಂದು ಬಾವಿಯ ಬಾಯಿ. ಅದರ ಒಂದು ಮಗ್ಗುಲು ಕೊಚ್ಚಿಹೋಗಿ ದೊಡ್ಡ ಬಟ್ಟಲಿನಂತೆ ಅಗಲವಾಗಿತ್ತು. ಕಣಿವೆಯ ಮೇಲಿಂದ ಇಳಿದು ಬಂದ ಪ್ರವಾಹದ ಗುರುತು ನೇರವಾಗಿ ಬಾವಿಯೊಳಗೆ ಹೋಗಿತ್ತು. ಮುರಿದ ಕಲ್ಲುಕಟ್ಟೆಯ ಚೂರುಗಳು ಅಲ್ಲಲ್ಲಿ ಬಿದ್ದಿದ್ದವು.

"ದಿಬ್ಬಣ ಬಂದು ಇಲ್ಲೇನು ಮಾಡ್ತಿದ್ರಿ ಬೀಬಿ?" ಖಾನ್ ಕೇಳಿದ. ಉತ್ತರ ಏನಿರಬಹುದೆಂದು ಕೇಳುವ ಮೊದಲೇ ಅವನಿಗೆ ಅನುಮಾನವಾಗಿತ್ತು.

"ಗಂಡನ ಮನೆಗೆ ಬಂದ ಹೆಂಗಸು ಏನು ಮಾಡ್ತಾಳೆ? ಗುಡಿಸ್ತಾಳೆ. ಬಾವಿ ಸುತ್ತ ಮರಳು ಗುಡಿಸ್ತೀವಿ. ಬಾಯಿಗೆ ಚಪ್ಪಡಿ ಮುಚ್ತೀವಿ. ಮೇಲ್ಗಡೆ ಕಟ್ಟೆ ಸಡಿಲಾಗಿದ್ರೆ ಕಲ್ಲು ಜೋಡಿಸ್ತೀವಿ, ಪ್ರವಾಹ ಆ ಕಡೆ ಹೋಗ್ಲಿ ಅಂತ. ಆಮೇಲೆ ಮೆಹಂದಿ ಹಾಕ್ಕೊಂಡು, ಹಾಡು ಹೇಳ್ಕೊಂಡು, ಹೊಟ್ಟೆ ತುಂಬ ತಿಂದು ಬರ್ತೀವಿ." ಅವಳು ಒಂದು ಹಿಪ್ಪುನೇರಳೆ ಬಾಯಿಗೆ ಹಾಕಿಕೊಂಡಳು. "ಈ ವರ್ಷ ಬಂದಿಲ್ಲ."

ಸಂಜರ್ ದೂರದ ಗುಡ್ಡವನ್ನು ನೋಡುತ್ತ ನಿಂತ. ಇಸ್ಕಂದರ್ ಖಾನ್‌ನ ಮುಖ ಸಣ್ಣದಾಯಿತು. ಅವನು ನಗುತ್ತ ಸಹಿ ಹಾಕಿದ ಒಂದು ಕಾಗದ ನಾನೂರು ಮನೆಗಳ ನೀರು ನಿಲ್ಲಿಸಿತ್ತು. ಅದನ್ನು ಯಾರ ಮೇಲೆ ಹಾಕಲೂ ದಾರಿಯಿರಲಿಲ್ಲ.

"ತಪ್ಪು ನಂದು," ಎಂದ.

"ಅದು ಆಮೇಲೆ," ಎಂದಳು ಬೀಬಿ. "ಮೊದ್ಲು ನೀರು."

*

ಆ ರಾತ್ರಿ ಮರಗಳಡಿ ಕಳೆದು, ಬೆಳಕು ಹರಿಯುತ್ತಲೇ ಬಾವಿಗೆ ದೀಪ ಇಳಿಸಿದರು. ನಲವತ್ತು ಗಜ ಕೆಳಗೆ ಬೆಳಕು ಅಲುಗಾಡುವ ಕಪ್ಪು ನೀರಿನ ಮೇಲೆ ಬಿತ್ತು. ಹಗ್ಗಕ್ಕೆ ಕಲ್ಲು ಕಟ್ಟಿ ಬಿಟ್ಟರೆ ಹತ್ತು ಗಜ ನೀರು, ಅದರ ಕೆಳಗೆ ಕೆಸರು. ಪ್ರವಾಹ ತಂದ ಮಣ್ಣು ಬಾವಿಯ ತಳದಲ್ಲಿ ಬಿರಡೆಯಂತೆ ಕುಳಿತು ಸುರಂಗದ ಬಾಯಿ ಮುಚ್ಚಿತ್ತು. ಅದರ ಹಿಂದೆ ನೀರು ಏರಿ ನಿಂತಿತ್ತು.

"ಮೇಲಿಂದ ಅಗೆಯೋಕಾಗಲ್ಲ, ನೀರು," ಎಂದ ಬರಾತ್. "ಕೆಳಗಿಂದ ಬಿರಡೆ ಕಿತ್ರೆ ಹತ್ತು ಗಜ ನೀರು ಒಟ್ಟಿಗೇ ತಲೆ ಮೇಲೆ."

"ಮದ್ದು ಇಟ್ಟು ಹಾರಿಸಿದ್ರೆ?" ಎಂದ ಸಂಜರ್ ಆಸೆಯಿಂದ. ಮದ್ದು ಹಾರಿಸಿ ಅವನಿಗೆ ಎಂಟು ವರ್ಷವಾಗಿತ್ತು.

"ಸುರಂಗಾನೂ ಹಾರುತ್ತೆ," ಎಂದ ಖಾನ್. "ಕಂದಕದ ಕೆಳಗೆ ನಾವು ಹೋಗಿದ್ದು ನೆನಪಿದೆಯಾ? ಮೊದಲು ಸಣ್ಣ ತೂತು. ನೀರಿನ ಒತ್ತಡ ಇಳಿದ ಮೇಲೆ ದೊಡ್ಡದು. ಬೀಬಿ, ಇದರ ಪಕ್ಕದ ಬಾವಿ ಎಲ್ಲಿ?"

ಬೀಬಿ ಎರಡು ಮರಗಳನ್ನು ನೋಡಿ, ಮೂವತ್ತು ಹೆಜ್ಜೆ ಎಣಿಸಿ, ಕಾಲಿನಿಂದ ನೆಲ ತಟ್ಟಿದಳು. ಒಂದು ಮೊಳ ಮರಳಿನ ಕೆಳಗೆ ಚಪ್ಪಡಿ ಸಿಕ್ಕಿತು. ಅದನ್ನು ಸರಿಸಿದಾಗ ಕೆಳಗಿಂದ ತಂಪು ಗಾಳಿ ಬಂತು. ಬಾವಿ ಖಾಲಿಯಾಗಿ, ಸ್ವಚ್ಛವಾಗಿ, ಗೋಡೆಯ ಎರಡು ಕಡೆ ಕಾಲಿಡುವ ಗೂಡುಗಳೊಂದಿಗೆ ಕೆಳಗಿಳಿದಿತ್ತು.

ಬರಾತ್ ಬಿಳಿ ಬಟ್ಟೆ ತೊಟ್ಟ. ಕನಾತಿಗೆ ಇಳಿಯುವವರು ಬಿಳಿಯನ್ನೇ ತೊಡುತ್ತಾರೆ. ಒಳಗೇ ಉಳಿದುಹೋದರೆ ಅದೇ ಶವದ ಬಟ್ಟೆ, ಕಫನ್ ಆಗುತ್ತದೆ. ಇನ್ನೊಂದು ಜೊತೆಯನ್ನು ಅವನು ಖಾನ್ ಕಡೆ ಚಾಚಿದ. ಖಾನ್ ತೊಟ್ಟ. ಹೊಟ್ಟೆಯ ಹತ್ತಿರ ಬಿಗಿಯಾಯಿತು.

ಸಂಜರ್, ಬೀಬಿ ಇಬ್ಬರೂ ರಾಟೆಗೆ ನಿಂತರು. ಕೆಳಗೆ ಸುರಂಗ ಸೊಂಟದೆತ್ತರ. ಇಬ್ಬರೂ ಅಂಬೆಗಾಲಿಟ್ಟು ಹೋದರು. ಮುಂದೆ ದೀಪ, ಹಿಂದೆ ಬರಾತ್‌ನ ಉಸಿರು. ಇಪ್ಪತ್ತೈದು ಗಜ ಹೋದ ಮೇಲೆ ಎದುರಿಗೆ ಒದ್ದೆ ಮಣ್ಣಿನ ಗೋಡೆ. ಖಾನ್ ಅಂಗೈ ಇಟ್ಟ. ಗೋಡೆ ತಣ್ಣಗೆ ಕೊರೆಯುತ್ತಿತ್ತು.

ಸಲಾಕೆಯನ್ನು ಗೋಡೆಯ ಮೇಲ್ಭಾಗದಲ್ಲಿ ಮೆಲ್ಲಗೆ ಒತ್ತಿದರು, ತಿರುಗಿಸಿದರು, ಮತ್ತೆ ಒತ್ತಿದರು. ಒಂದೂವರೆ ಗಜ ಹೋದಾಗ ಸಲಾಕೆ ಕೈಯಲ್ಲಿ ನಡುಗಿತು. ಎಳೆದರು. ಬೆರಳು ಗಾತ್ರದ ನೀರು ಖಾನ್‌ನ ಎದೆಗೆ ಹೊಡೆಯಿತು.

"ಕುಡೀರಿ," ಎಂದ ಬರಾತ್.

ಖಾನ್ ಕುಡಿದ. ಅಷ್ಟು ಸಿಹಿಯಾದ ನೀರು ಅವನು ಆ ಸೀಮೆಯಲ್ಲಿ ಕುಡಿದಿರಲಿಲ್ಲ. ಇನ್ನೂ ಮೂರು ತೂತು ಕೊರೆದು ಇಬ್ಬರೂ ಮೇಲೆ ಬಂದರು.

*

ಮಾರನೆಯ ಬೆಳಿಗ್ಗೆ ಬರಾತ್ ಹಗ್ಗಕ್ಕೆ ಕೈಹಾಕಿದವನು ಸೀನಿದ. ಒಂದೇ ಸೀನು. ಹಗ್ಗ ಬಿಟ್ಟು ಮರದಡಿ ಹೋಗಿ ಕುಳಿತ.

"ಏನಾಯ್ತು?" ಖಾನ್ ಕೇಳಿದ.

"ಸೀನು ಬಂತಲ್ಲ ಜನಾಬ್. ತಡಿ ಅಂತ ಅರ್ಥ."

"ಉಸ್ತಾದ್, ಇವತ್ತು ಬಿಟ್ರೆ ನಾಲ್ಕೇ ದಿನ ಉಳಿದಿರೋದು. ನೀರು ಊರು ಸೇರೋಕೇ ಒಂದು ದಿನ ಬೇಕು. ನಿನ್ನ ಮೂಗಿನ ಮಾತು ಕೇಳ್ಕೊಂಡು ಕೂರೋದಾ?"

"ಮೂವತ್ತು ವರ್ಷದಿಂದ ಅದರ ಮಾತೇ ಕೇಳಿದ್ದು. ಅದಕ್ಕೇ ಮೂಗು ಇನ್ನೂ ಮುಖದ ಮೇಲಿದೆ."

ಹಿಂದಿನ ವಾರವಾಗಿದ್ದರೆ ಖಾನ್ ಒಬ್ಬನೇ ಇಳಿದುಬಿಡುತ್ತಿದ್ದ. ಈಗ ಅವನು ಬೀಬಿಯ ಕಡೆ ನೋಡಿದ. ಅವಳು ರೊಟ್ಟಿ ಮುರಿದು ಒಣ ಮೊಸರು ಕಲಸಿದ ನೀರಲ್ಲಿ ನೆನೆಸುತ್ತಿದ್ದಳು.

"ಕೂತ್ಕೊಳ್ಳಿ ಖಾನ್," ಎಂದಳು. "ತಿನ್ನಿ."

ಕುಳಿತ. ಆ ದಿನವಿಡೀ ಮಾಡಿದ್ದು ಒಂದೇ ಕೆಲಸ. ಗಳಿಗೆಗೊಮ್ಮೆ ನೀರು ನಿಂತ ಬಾವಿಗೆ ಗಂಟು ಹಾಕಿದ ಹಗ್ಗ ಬಿಟ್ಟು ನೀರು ಅಳೆದರು. ಹತ್ತು ಗಜ ಇದ್ದದ್ದು ಬೆಳಿಗ್ಗೆ ಒಂಬತ್ತಾಗಿತ್ತು, ನಡುಹಗಲಿಗೆ ಏಳಾಯಿತು, ಹೊತ್ತು ಇಳಿಯುವಾಗ ನಾಲ್ಕೂವರೆ. ನಡುವೆ ಸಂಜರ್ ಮತ್ತು ಖಾನ್ ಮೇಲಿನ ಕಟ್ಟೆಗೆ ಕಲ್ಲು ಹೊತ್ತರು. ಬೀಬಿ ನಿಂತಲ್ಲಿಂದಲೇ ಹೇಳುತ್ತಿದ್ದಳು, ಆ ಕಲ್ಲು ಅಲ್ಲಲ್ಲ, ಇಲ್ಲಿ. ಅಗಲದ ಮುಖ ಕೆಳಗೆ. ಎರಡು ಸೇತುವೆ ಕಟ್ಟಿದವನು ಅವಳು ಹೇಳಿದಂತೆ ಇಟ್ಟ. ಸರಿಯಾಗಿಯೇ ಕೂತಿತು.

ಮರುದಿನ ಸೀನು ಬರಲಿಲ್ಲ. ಇಬ್ಬರೂ ಇಳಿದರು.

ಈ ಸಲ ಗೋಡೆಯನ್ನು ಮೇಲಿನಿಂದ ಪದರು ಪದರಾಗಿ ಕೆತ್ತುವುದು ಯೋಜನೆ. ನೀರು ಮೊಣಕಾಲಿನವರೆಗೆ ಹರಿಯುತ್ತಿತ್ತು. ಬರಾತ್ ಕೆತ್ತಿದ, ಖಾನ್ ಹಿಂದೆ ತಳ್ಳಿದ. ಒಂದು ಗಂಟೆ. ಎರಡು ಗಂಟೆ. ಗೋಡೆ ಅರ್ಧ ಗಜಕ್ಕೆ ತೆಳುವಾಯಿತು.

ಆಗ ಗೋಡೆಯೊಳಗಿಂದ ಹೊಟ್ಟೆ ಗುಡುಗುಡಿಸಿದಂಥ ಸದ್ದು ಬಂತು.

ಬರಾತ್ ಗುದ್ದಲಿ ಬಿಟ್ಟ. "ಹಿಂದಕ್ಕೆ."

ತಿರುಗಲು ಜಾಗವಿರಲಿಲ್ಲ. ಇಬ್ಬರೂ ಹಿಮ್ಮುಖವಾಗಿ ತೆವಳಿದರು. ಖಾನ್‌ನ ಮಂಡಿ ಕಲ್ಲಿಗೆ ಹೊಡೆಯಿತು. ಅವನು ನಿಲ್ಲಲಿಲ್ಲ.

ಹತ್ತು ಗಜ. ಹದಿನೈದು.

ಗೋಡೆ ಹೋಯಿತು.

ಮೊದಲು ಗಾಳಿ ಬಂತು, ದೀಪ ಆರಿತು. ಆಮೇಲೆ ನೀರು. ಅದು ಖಾನ್‌ನನ್ನು ಅಂಗಾತವಾಗಿ ಎತ್ತಿ, ಸುರಂಗದುದ್ದಕ್ಕೂ ಉಜ್ಜುತ್ತ ತಂದು, ಬಾವಿಯ ತಳಕ್ಕೆ ಎಸೆಯಿತು. ಅವನು ಕತ್ತಲಲ್ಲಿ ಕೈ ಬೀಸಿದ. ಬಿಳಿ ಬಟ್ಟೆ ಸಿಕ್ಕಿತು. ಬಟ್ಟೆಯೊಳಗೆ ಬರಾತ್ ಇದ್ದ. ಹಿಡಿದ.

ನೀರು ಸೊಂಟ ದಾಟಿ ಎದೆಗೆ ಬಂತು.

"ಹಗ್ಗ ನೀವು ಹಿಡೀರಿ," ಎಂದು ಬರಾತ್ ಕಿವಿಯ ಹತ್ತಿರ ಕೂಗಿದ. "ನಾನು ಗೂಡಲ್ಲಿ ಕಾಲಿಟ್ಟು ಹತ್ತೀನಿ."

"ಮೊದಲು ನೀನು."

"ಜನಾಬ್, ನಿಮ್ಮ ಮಂಡೀಲಿ ಹತ್ತೋಕಾಗಲ್ಲ. ಇಲ್ಲಿ ಹಾಕಿಮ ನಾನು. ಹಿಡೀರಿ."

ಖಾನ್ ಹಗ್ಗದ ಕುಣಿಕೆಯಲ್ಲಿ ಕಾಲಿಟ್ಟು ಎಳೆದ. ಮೇಲೆ ರಾಟೆ ಕಿರುಗುಟ್ಟಿತು. ಸಂಜರ್ ಕೈಯಿಂದ ತಿರುಗಿಸುತ್ತಿದ್ದ. ಬೀಬಿ ನೆಲಕ್ಕೆ ಕುಳಿತು, ಚಾದರ ಸೊಂಟಕ್ಕೆ ಸುತ್ತಿ, ಎರಡೂ ಕಾಲಿನಿಂದ ರಾಟೆಯ ಹಲ್ಲು ಒದೆಯುತ್ತಿದ್ದಳು. ಖಾನ್ ಒಂದೊಂದೇ ಗೇಣು ಏರಿದ. ಪಕ್ಕದಲ್ಲಿ ಗೋಡೆಯ ಮೇಲೆ ಬರಾತ್‌ನ ಬರಿಗಾಲು ಗೂಡಿನಿಂದ ಗೂಡಿಗೆ ಹಲ್ಲಿಯಂತೆ ಏರುತ್ತಿತ್ತು. ನೀರು ಅವರ ಹಿಂದೆ ಮೂರು ಗಜ ಏರಿತು, ಅಲ್ಲಿ ಸ್ವಲ್ಪ ಹೊತ್ತು ತಿರುಗಿತು. ಆಮೇಲೆ ದಾರಿ ಸಿಕ್ಕಿದಂತೆ ಊರ ಕಡೆ ನುಗ್ಗಿತು.

ಬಿಸಿಲಿಗೆ ಬಂದು ಇಬ್ಬರೂ ಬೆನ್ನ ಮೇಲೆ ಬಿದ್ದುಕೊಂಡರು. ಖಾನ್‌ನ ಮೊಣಕೈ ಸುಲಿದು ರಕ್ತ ಸೋರುತ್ತಿತ್ತು. ಬರಾತ್ ಒಂದು ಹಲ್ಲು ಕಳೆದುಕೊಂಡಿದ್ದ.

"ನಿನ್ನೆ ಇಳಿದಿದ್ರೆ?" ಎಂದು ಸಂಜರ್ ಮೆಲ್ಲಗೆ ಕೇಳಿದ.

ನಿನ್ನೆ ಬೆಳಿಗ್ಗೆ ಒಂಬತ್ತು ಗಜ ನೀರಿತ್ತು. ಖಾನ್ ಬರಾತ್‌ನ ಮೂಗಿನ ಕಡೆ ಒಮ್ಮೆ ನೋಡಿದ, ಅಷ್ಟೆ.

ಬೀಬಿ ಬಾವಿಯ ಅಂಚಿನಲ್ಲಿ ಕುಳಿತು ಕೆಳಗಿನ ಸದ್ದು ಕೇಳುತ್ತಿದ್ದಳು. ಅವಳ ಕಣ್ಣಲ್ಲಿ ನೀರಿತ್ತು. ಯಾರಿಗೂ ಕಾಣದಿರಲೆಂದು ಅವಳೇನೂ ಒರೆಸಿಕೊಳ್ಳಲಿಲ್ಲ.

*

ಎರಡೂ ಬಾವಿಗಳಿಗೆ ಚಪ್ಪಡಿ ಮುಚ್ಚಿ ನಾಲ್ವರೂ ಹಿಂದಿರುಗಿದರು. ದಾರಿಯುದ್ದಕ್ಕೂ ಬರಾತ್ ಬಾವಿಗಳಿಗೆ ಕಿವಿಯಿಟ್ಟು ಕೇಳುತ್ತ ಬಂದ. ನೀರು ಅವರಿಗಿಂತ ಮುಂದಿತ್ತು. ಹಳ್ಳದ ಹತ್ತಿರ ರಾತ್ರಿ ತಂಗಿ, ಹತ್ತನೆಯ ದಿನದ ನಡುಹಗಲಿಗೆ ಊರು ಮುಟ್ಟಿದರು. ಖಾನ್‌ನ ಮೈಯೆಲ್ಲ ನೋಯುತ್ತಿತ್ತು. ಆದರೂ ಕೋಟೆ ಬಿದ್ದ ದಿನ ಕೂಡ ಅವನಿಗೆ ಇಷ್ಟು ಸಮಾಧಾನವಾಗಿರಲಿಲ್ಲ.

ಕನಾತು ನೆಲದಿಂದ ಹೊರಗೆ ಬರುವ ಬಾಯಿಯ ಹತ್ತಿರ ಇಡೀ ಹೂಜಾನ್ ನೆರೆದಿತ್ತು. ಒಂಟೆಗಳ ಬೆನ್ನಿಗೆ ಆಗಲೇ ಅರ್ಧ ಸಾಮಾನು ಕಟ್ಟಿದ್ದರು. ನೀರು ತುಂಬಿ ಹರಿಯುತ್ತಿತ್ತು, ಇನ್ನೂ ಕೆಂಪಗೆ. ಆದರೆ ಹೊಲಗಳ ಕಡೆಯ ತೂಬು ಮುಚ್ಚಿಯೇ ಇತ್ತು. ನೀರುಗಂಟಿ ಶಕೂರ್ ಅದರ ಪಕ್ಕದಲ್ಲಿ ಸುಮ್ಮನೆ ನಿಂತಿದ್ದ.

"ಯಾಕೆ ಬಿಟ್ಟಿಲ್ಲ?" ಎಂದ ಖಾನ್. "ಗೋಧಿ ಕಾಯ್ತಾ ಇದೆ."

ಶಕೂರ್ ನೆಲ ನೋಡಿದ. "ಹೊಸ ನೀರು, ಜನಾಬ್. ಇದು ನಮ್ಮ ನೀರೋ, ಪ್ರವಾಹದ ನೀರು ನಾಲ್ಕು ದಿನ ಹರಿದು ನಿಲ್ಲುತ್ತೋ, ನಮಗೇನ್ ಗೊತ್ತು? ಹಿಂದೆ ಆಗಿದ್ರೆ... ಕನಾತಿನ ಹೆಂಡ್ತಿ ಒಳಗೆ ಹೋಗಿ ಹೇಳೋಳು. ಈಗ ನಿಮ್ಮ ಆಜ್ಞೆ ಇದೆಯಲ್ಲ."

ಎಲ್ಲರೂ ಹಾಕಿಮನ ಕಡೆ ನೋಡಿದರು. ಇಸ್ಕಂದರ್ ಖಾನ್ ಬೀಬಿಯ ಕಡೆ ನೋಡಿದ. ಅವಳು ಕತ್ತೆಯ ಪಕ್ಕ ನಿಂತು ಹಿಪ್ಪುನೇರಳೆ ಹುಡುಕುತ್ತಿದ್ದಳು, ಮುಗಿದುಹೋಗಿತ್ತು.

"ಆಜ್ಞೆ ತಪ್ಪಾಗಿತ್ತು," ಎಂದ ಖಾನ್, ಹಿಂದಿನ ಸಾಲಿನವರಿಗೂ ಕೇಳುವಂತೆ. "ದಿಬ್ಬಣ ಎಲ್ಲಿಗೆ ಹೋಗುತ್ತೆ ಅಂತ ನಂಗೂ ಗೊತ್ತಿಲ್ಲ, ಸಂಜರ್‌ಗೂ ಗೊತ್ತಿಲ್ಲ, ಉಸ್ತಾದ್‌ಗೂ ಗೊತ್ತಿಲ್ಲ. ಮುಂದಿನ ವಸಂತಕ್ಕೆ ಹೋಗಲಿ. ಬೀಬಿ, ಒಳಗೆ ಹೋಗಿ ನೋಡಿ ಹೇಳಿ."

ಅವಳು ಚಪ್ಪಲಿ ಬಿಟ್ಟು ನೀರಿಗೆ ಇಳಿದಳು. ಗಂಡಸರೆಲ್ಲ ಹಳೆಯ ಅಭ್ಯಾಸದಂತೆ ಬೆನ್ನು ತಿರುಗಿಸಿ ನಿಂತರು. ಖಾನ್ ಕೂಡ ತಿರುಗಿದ. ಅವನ ಎದುರಿಗೆ ಬಾಡಿದ ಗೋಧಿ ಹೊಲ, ಕಿವಿಯಲ್ಲಿ ಬೆನ್ನ ಹಿಂದಿನ ನೀರಿನ ಸದ್ದು. ನೂರು ಹೆಜ್ಜೆ ಹೋಗಬೇಕು. ತಾನು ಕೊರೆದದ್ದು ನಿಜವಾದ ನೀರೇ, ಅಥವಾ ನಿಂತಿದ್ದ ಪ್ರವಾಹವೇ? ಅವನು ತಾನೇ ಅಳೆದಿದ್ದ, ತಾನೇ ಕುಡಿದಿದ್ದ. ಆದರೂ ಅವಳ ಹೆಜ್ಜೆಗಳನ್ನು ಎಣಿಸುತ್ತಿದ್ದ.

ಬಹಳ ಹೊತ್ತಾಯಿತು. ಆಮೇಲೆ ಸುರಂಗದೊಳಗಿಂದ ಒಂದು ದೊಡ್ಡ ಮುಳುಗಿನ ಸದ್ದು, ಉಸಿರು ಸಿಕ್ಕಿಕೊಂಡಂಥ ಒಂದು ಕೂಗು, ಮತ್ತು ಹಲ್ಲು ಕಟಕಟಿಸುವ ಧ್ವನಿ.

"ತಣ್ಣಗಿದೆ."

ಶಕೂರ್ ತೂಬು ಎತ್ತಿದ.